ಗಾಲ್ಫ್ ಆಟವೂ ಬೆನ್ನಿನ ಯೋಗಕ್ಷೇಮವೂ

ನಮ್ಮ ನಾಡಿಗೆ ಗಾಲ್ಫ್ ಆಟವು ಹೊಸದಲ್ಲ. ಬೆಂಗಳೂರಿನಲ್ಲಿ 1876ರಲ್ಲಿಯೇ ಗಾಲ್ಫ್ ಕ್ಲಬ್ಬು ಸ್ಥಾಪಿತವಾಯಿತು. 1880ರ ಸುಮಾರಿಗೆ ಜಾನ್ ಟೇಲರ್ ಸಂಸ್ಥೆಯವರು ಕೋಲಾರದ ಚಿನ್ನದ ಗಣಿಗಳನ್ನು ವಹಿಸಿಕೊಂಡ ತರುವಾಯ, ಅಲ್ಲಿಗೆ ಬಂದ ಆಂಗ್ಲ ಅಧಿಕಾರಿಗಳು ಬಂಗಲೆ ಕ್ಲಬ್ಬುಗಳೊಡನೆ ಈ ಆಟವನ್ನೂ ನೆಲೆಗೊಳಿಸಿದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆಟವಾದರೋ ನಮ್ಮವರಿಗೆ ಉಳಿಯಿತು. ಟೋಕಿಯೋ ಒಲಿಂಪಿಕ್ಸಿನಲ್ಲಿ, 2021ರಲ್ಲಿ, ಬೆಂಗಳೂರಿನ ಕುಮಾರಿ ಅದಿತಿ ಅಶೋಕ್ ನಾಲ್ಕನೆಯ ಸ್ಥಾನವನ್ನು ಪಡೆದುದನ್ನು ವಾಚಕರು ಬಲ್ಲರು.

ನೋಡುವವರಿಗೆ ಇದು ನಿರಾಯಾಸದ ಆಟವೆಂದೇ ತೋರುವುದು. ಆದರೆ ಗಾಲ್ಫ್ ಆಡುವವರನ್ನು ಹೆಚ್ಚಾಗಿ ಪೀಡಿಸುವುದು ಸೊಂಟದ ನೋವು. ಅದರಲ್ಲಿಯೂ ದಿನವೆಲ್ಲ ಕುರ್ಚಿಯಲ್ಲಿ ಕುಳಿತಿದ್ದು, ಭಾನುವಾರ ಬೆಳಗ್ಗೆ ದಾಂಡು ಹಿಡಿದು ಒಮ್ಮೆಲೇ ಬೀಸುವ ಐವತ್ತು ದಾಟಿದ ಗೃಹಸ್ಥರಿಗೆ ಈ ಅಪಾಯವು ಅಧಿಕ. ಮನೆಯ ಯಜಮಾನನು ಹಾಸಿಗೆ ಹಿಡಿದರೆ ಆಟವೊಂದೇ ನಿಲ್ಲುವುದಿಲ್ಲ; ಮನೆಯವರ ನೆಮ್ಮದಿಯೂ ಕೆಡುವುದು.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಚೆಂಡನ್ನು ಹೊಡೆಯುವಾಗ ದೇಹವು ತಿರುಪಿನಂತೆ ಸುತ್ತಿ ಬಿಚ್ಚಿಕೊಳ್ಳುವುದು. ಈ ತಿರುವು ತೊಡೆಯ ಸಂದು ಮತ್ತು ಎದೆಯ ಹಿಂಭಾಗದ ಬೆನ್ನೆಲುಬುಗಳಿಂದ ಉಂಟಾಗತಕ್ಕದ್ದು. ಸೊಂಟದ ಮೂಳೆಗಳು ಮುಂದಕ್ಕೂ ಹಿಂದಕ್ಕೂ ಚೆನ್ನಾಗಿ ಬಾಗುವುವೇ ಹೊರತು, ತಿರುಗುವುದು ಅತ್ಯಲ್ಪ. ತೊಡೆಯ ಸಂದೂ ಎದೆಗೂಡೂ ಬಿಗಿದುಕೊಂಡಿದ್ದರೆ, ಅವು ಮಾಡದ ಕೆಲಸವು ಸೊಂಟದ ಮೇಲೆ ಬೀಳುವುದು. ಕ್ಯಾಸಂಬಳ್ಳಿಯ ಕಡೆ ಗುದ್ದಲಿ ಹಿಡಿದು ನೆಲ ಅಗೆಯುವ ರೈತನಿಗೂ, ಬಾವಿಯಿಂದ ನೀರು ಸೇದುವ ಗೃಹಿಣಿಗೂ ಈ ಮಾತು ಅನ್ವಯಿಸುವುದು. ಆದಕಾರಣ ಮುಂದೆ ಹೇಳುವ ಸಾಧನೆಗಳು ಗಾಲ್ಫ್ ಆಡದವರಿಗೂ ಉಪಯುಕ್ತವಾದುವು.

ಆಟಕ್ಕೆ ಮುಂಚೆ ಒಂದೇ ಭಂಗಿಯಲ್ಲಿ ಬಹಳ ಹೊತ್ತು ಸ್ನಾಯುಗಳನ್ನು ಎಳೆದು ನಿಲ್ಲುವುದು ಅಷ್ಟು ಹಿತವಲ್ಲ. ಅದರಿಂದ ಸ್ನಾಯುವಿನ ಬಲವು ಸ್ವಲ್ಪಕಾಲ ಕುಗ್ಗುವುದುಂಟು. ಆಗ ಬೇಕಾದುದು ಚಲನೆ. ಮೊದಲು ಐದು ನಿಮಿಷ ಚುರುಕಾಗಿ ನಡೆಯಿರಿ. ಬಳಿಕ ಮರವನ್ನೋ ಗೋಡೆಯನ್ನೋ ಹಿಡಿದು ನಿಂತು, ಒಂದೊಂದು ಕಾಲನ್ನೂ ಹಿಂದೆ ಮುಂದೆ ಹತ್ತು ಸಲ, ಪಕ್ಕಕ್ಕೆ ಹತ್ತು ಸಲ ತೂಗಿರಿ. ಅನಂತರ ದಾಂಡನ್ನು ಹೆಗಲ ಮೇಲೆ ಅಡ್ಡಲಾಗಿರಿಸಿ, ಮೊಣಕಾಲನ್ನು ತುಸು ಸಡಿಲಿಸಿ, ಎಡಬಲಕ್ಕೆ ಹತ್ತು ಹತ್ತು ಸಲ ಮೆಲ್ಲಗೆ ತಿರುಗಿರಿ, ಜಗ್ಗಕೂಡದು. ಕಡೆಯಲ್ಲಿ ಚೆಂಡಿಲ್ಲದೆ ದಾಂಡನ್ನು ಅರ್ಧ ವೇಗದಲ್ಲಿ ಬೀಸಿ, ಕ್ರಮಕ್ರಮವಾಗಿ ವೇಗವನ್ನು ಹೆಚ್ಚಿಸಿರಿ. ಇಷ್ಟಕ್ಕೂ ಹತ್ತು ನಿಮಿಷ ಸಾಕು.

ಆಟ ಮುಗಿದ ಮೇಲೆ, ಮೈ ಇನ್ನೂ ಬೆಚ್ಚಗಿರುವಾಗ, ನಿಧಾನವಾದ ಎಳೆತಗಳನ್ನು ಮಾಡಬೇಕು. ಕುರ್ಚಿಯಲ್ಲಿ ಕುಳಿತು ಒಂದು ಕಾಲಿನ ಹರಡನ್ನು ಮತ್ತೊಂದು ಮೊಣಕಾಲಿನ ಮೇಲಿರಿಸಿ, ಬೆನ್ನು ನೆಟ್ಟಗಿರುವಂತೆ ಮುಂದಕ್ಕೆ ಬಾಗಿದರೆ ಪೃಷ್ಠದ ಸ್ನಾಯುಗಳು ಸಡಿಲವಾಗುವುವು. ಹಿಮ್ಮಡಿಯನ್ನು ತಗ್ಗಾದ ಮೆಟ್ಟಿಲ ಮೇಲಿಟ್ಟು ಬಾಗಿದರೆ ತೊಡೆಯ ಹಿಂಭಾಗವು ಸಡಿಲವಾಗುವುದು. ಬಾಗಿಲವಾಡಕ್ಕೆ ಮುಂಗೈಯನ್ನು ಆನಿಸಿ ಒಂದು ಹೆಜ್ಜೆ ಮುಂದಿಟ್ಟರೆ ಎದೆಯು ತೆರೆಯುವುದು. ಕೈಯನ್ನು ಅಂಗೈ ಮೇಲಾಗಿ ಮುಂದೆ ಚಾಚಿ, ಬೆರಳುಗಳನ್ನು ಮತ್ತೊಂದು ಕೈಯಿಂದ ಕೆಳಕ್ಕೂ ಒಳಕ್ಕೂ ಎಳೆದರೆ, ಮೊಣಕೈಯ ಒಳಬದಿಯಲ್ಲಿ ನೋವಿಗೆ ಗುರಿಯಾಗುವ ಸ್ನಾಯುಗಳಿಗೆ ಹಿತವಾಗುವುದು. ಪ್ರತಿಯೊಂದನ್ನೂ 30 ಸೆಕೆಂಡುಗಳ ಕಾಲ, ಎರಡೆರಡು ಸಲ, ಉಸಿರು ಬಿಗಿಹಿಡಿಯದೆ ಮಾಡತಕ್ಕದ್ದು. ಎಳೆದಂತಾಗಬೇಕು, ನೋಯಕೂಡದು. ವಾರಕ್ಕೆ ಎರಡು ಮೂರು ದಿನವಾದರೂ ತಪ್ಪದೆ ನಡೆಸಿದರೆ ಕೆಲವು ವಾರಗಳಲ್ಲಿ ಗುಣವು ಕಾಣುವುದು.

ಇಂತಹ ಸಾಧನೆಗೆ ನಾವು ಪರದೇಶವನ್ನೇ ನೋಡಬೇಕಾದುದಿಲ್ಲ. ಯೋಗಾಚಾರ್ಯ ಬಿ. ಕೆ. ಎಸ್. ಅಯ್ಯಂಗಾರ್ಯರು 1918ರಲ್ಲಿ ಜನಿಸಿದುದು ಇದೇ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಬಾಲ್ಯದಲ್ಲಿ ರೋಗಗಳಿಂದ ಬಳಲಿ ಕೃಶರಾಗಿದ್ದ ಅವರು, ಮೈಸೂರಿನಲ್ಲಿ ತಮ್ಮ ಭಾವನವರಾದ ಟಿ. ಕೃಷ್ಣಮಾಚಾರ್ಯರಲ್ಲಿ ಯೋಗವನ್ನು ಕಲಿತು ಲೋಕಪ್ರಸಿದ್ಧರಾದರು. ಪಿಟೀಲು ವಿದ್ವಾಂಸರಾದ ಯಹೂದಿ ಮೆನುಹಿನ್ನರು 1952ರಲ್ಲಿ ಅವರನ್ನು ಕಂಡು ಶಿಷ್ಯರಾದರು. ಮೈ ಬಾಗದವರಿಗೆ ಕುರ್ಚಿ, ಪಟ್ಟಿ, ಹಗ್ಗ, ಮರದ ದಿಮ್ಮಿಗಳ ಆಸರೆಯನ್ನು ಒದಗಿಸಿ ಆಸನಗಳನ್ನು ಮಾಡಿಸುವುದು ಅವರ ಪದ್ಧತಿಯ ವೈಶಿಷ್ಟ್ಯ. ಆಸರೆಯನ್ನು ಹಿಡಿಯುವುದು ನಾಚಿಕೆಯ ವಿಷಯವಲ್ಲವೆಂಬುದನ್ನು ವೃದ್ಧರು ಇದರಿಂದ ಅರಿಯಬಹುದು.

ಕಡೆಯದಾಗಿ ಒಂದು ಎಚ್ಚರಿಕೆ. ನೋವು ಸೊಂಟದಿಂದ ಕಾಲಿಗೆ ಇಳಿದರೂ, ಪಾದವು ಜೋಮು ಹಿಡಿದರೂ, ಕಾಲಿನ ಬಲವು ಕುಗ್ಗಿದರೂ ಸಾಧನೆಯನ್ನು ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು. ಮಲಮೂತ್ರಗಳ ಹತೋಟಿ ತಪ್ಪಿದರಂತೂ ಒಂದು ದಿನವೂ ತಡಮಾಡಕೂಡದು. ಹೃದ್ರೋಗವಿದ್ದವರೂ, ಮೂಳೆ ಸವೆದವರೂ ಮೊದಲೇ ವೈದ್ಯರ ಅಪ್ಪಣೆಯನ್ನು ಪಡೆಯಲಿ. ಬೆನ್ನು ನೆಟ್ಟಗಿದ್ದರೆ ಮೈದಾನವು ಎಲ್ಲಿಗೂ ಹೋಗದು. ಇಂದು ಬಿಟ್ಟ ಆಟವನ್ನು ನಾಳೆ ಆಡಬಹುದು.