ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಲ್ಲಿ ಪಿಎಸ್‌ಎ ಪರೀಕ್ಷೆಯ ಮಿತಿಗಳು

ಪ್ರಾಸ್ಟೇಟ್ ಗ್ರಂಥಿಯ ಜೀವಕೋಶಗಳು ಸ್ರವಿಸುವ 'ಪ್ರಾಸ್ಟೇಟ್ ಸ್ಪೆಸಿಫಿಕ್ ಆಂಟಿಜೆನ್' ಎಂಬ ಪ್ರೋಟೀನಿನ ಪ್ರಮಾಣವನ್ನು ರಕ್ತದಲ್ಲಿ ಅಳೆಯುವ ವಿಧಾನವೇ ಪಿಎಸ್‌ಎ ಪರೀಕ್ಷೆ. ಪ್ರಾಸ್ಟೇಟ್ ಕ್ಯಾನ್ಸರಿನ ಟ್ಯೂಮರ್ ಮಾರ್ಕರ್‌ಗಳಲ್ಲಿ, ಅಂದರೆ ರೋಗಸೂಚಕ ವಸ್ತುಗಳಲ್ಲಿ, ಇದು ಅತ್ಯಂತ ಹೆಚ್ಚು ಬಳಕೆಯಲ್ಲಿದೆ. ಆದರೆ ಈ ಪ್ರೋಟೀನು ಗ್ರಂಥಿಗೆ ಸಂಬಂಧಿಸಿದುದೇ ಹೊರತು ಕ್ಯಾನ್ಸರಿಗೆ ಮಾತ್ರ ಸೀಮಿತವಾದುದಲ್ಲ. ಆರೋಗ್ಯವಂತ ಜೀವಕೋಶಗಳೂ ಇದನ್ನು ಉತ್ಪಾದಿಸುತ್ತವೆ. ಆದ್ದರಿಂದ ಈ ಪರೀಕ್ಷೆಯೊಂದರಿಂದಲೇ ರೋಗವಿದೆಯೆಂದಾಗಲಿ ಇಲ್ಲವೆಂದಾಗಲಿ ನಿರ್ಣಯಿಸಲು ಸಾಧ್ಯವಿಲ್ಲ.

ಹಿನ್ನೆಲೆ

ಪ್ರಾಸ್ಟೇಟ್ ಗ್ರಂಥಿಯು ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇರುತ್ತದೆ. ಪಿಎಸ್‌ಎ ವೀರ್ಯವನ್ನು ದ್ರವರೂಪಕ್ಕೆ ತರುತ್ತದೆ. ಅದರ ಅಲ್ಪಾಂಶ ಮಾತ್ರ ರಕ್ತವನ್ನು ಸೇರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1986ರಲ್ಲಿ ಈ ಪರೀಕ್ಷೆಗೆ ಅನುಮತಿ ನೀಡಿದ್ದು ರೋಗ ಖಚಿತವಾದವರ ಮೇಲೆ ನಿಗಾ ವಹಿಸುವುದಕ್ಕಾಗಿ. ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ನಡೆಸುವ ತಪಾಸಣೆಯೊಡನೆ ರೋಗಪತ್ತೆಗೂ ಇದನ್ನು ಬಳಸಲು 1994ರಲ್ಲಿ ಅನುಮತಿ ದೊರೆಯಿತು.

ಮಿತಿಗಳು

* ಹುಸಿ ಎಚ್ಚರಿಕೆ: ವಯಸ್ಸಾದಂತೆ ಗ್ರಂಥಿಯು ಸಹಜವಾಗಿ ಹಿಗ್ಗುವುದು, ಗ್ರಂಥಿಯ ಉರಿಯೂತ, ಮೂತ್ರನಾಳದ ಸೋಂಕು, ಇತ್ತೀಚಿನ ವೀರ್ಯಸ್ಖಲನ ಮುಂತಾದವುಗಳಿಂದಲೂ ಪಿಎಸ್‌ಎ ಮಟ್ಟ ಏರಬಹುದು.
* ಹುಸಿ ಭರವಸೆ: ಮಿಲಿಲೀಟರಿಗೆ 4 ನ್ಯಾನೊಗ್ರಾಂ ಎಂಬುದನ್ನು ಬಹುಕಾಲ ಸುರಕ್ಷಿತ ಗಡಿಯೆಂದು ಭಾವಿಸಲಾಗಿತ್ತು. ಇದನ್ನು ಮೀರದ ಪುರುಷರಿಗೆ ಬಯಾಪ್ಸಿ ನಡೆಸಿದ ಅಮೆರಿಕದ ಅಧ್ಯಯನವೊಂದು, ಅವರಲ್ಲಿ ಸುಮಾರು ಶೇ. 15ರಷ್ಟು ಮಂದಿಗೆ ಕ್ಯಾನ್ಸರ್ ಇದ್ದುದನ್ನು 2004ರಲ್ಲಿ ವರದಿ ಮಾಡಿತು.
* ಔಷಧಗಳ ಪ್ರಭಾವ: ಗ್ರಂಥಿಯ ಹಿಗ್ಗುವಿಕೆಗೆ ನೀಡುವ ಫಿನಾಸ್ಟರೈಡ್ ಔಷಧವು ಪಿಎಸ್‌ಎ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಇದನ್ನು ಸೇವಿಸುವವರು ವೈದ್ಯರಿಗೆ ತಿಳಿಸದಿದ್ದರೆ ಫಲಿತಾಂಶವು ದಾರಿ ತಪ್ಪಿಸಬಹುದು.
* ಅತಿಪತ್ತೆ: ಅನೇಕ ಪ್ರಾಸ್ಟೇಟ್ ಕ್ಯಾನ್ಸರುಗಳು ಅತಿ ನಿಧಾನವಾಗಿ ಬೆಳೆಯುತ್ತವೆ, ಜೀವಮಾನವಿಡೀ ತೊಂದರೆ ಕೊಡದೆಯೂ ಇರಬಹುದು. ಅಂಥವನ್ನು ಪತ್ತೆಹಚ್ಚಿ ಚಿಕಿತ್ಸೆ ನೀಡಿದಾಗ ಮೂತ್ರ ನಿಯಂತ್ರಣ ತಪ್ಪುವಿಕೆ, ಲೈಂಗಿಕ ಅಸಾಮರ್ಥ್ಯ ಮೊದಲಾದ ಹಾನಿಗಳು ರೋಗಕ್ಕಿಂತ ಹೆಚ್ಚು ಬಾಧಿಸಬಹುದು.

ಪೂರಕ ಪರೀಕ್ಷೆಗಳು

ಮಟ್ಟ ಹೆಚ್ಚಿದ್ದಲ್ಲಿ ಸಾಮಾನ್ಯವಾಗಿ ಕೆಲವು ವಾರಗಳ ನಂತರ ಪರೀಕ್ಷೆಯನ್ನು ಪುನರಾವರ್ತಿಸಲಾಗುತ್ತದೆ. ರಕ್ತದ ಇತರ ಪ್ರೋಟೀನುಗಳಿಗೆ ಅಂಟಿಕೊಳ್ಳದ ಮುಕ್ತ ಪಿಎಸ್‌ಎ ಪ್ರಮಾಣ, ಗ್ರಂಥಿಯ ಗಾತ್ರ ಹಾಗೂ ಎಂಆರ್‌ಐ ಚಿತ್ರಣಗಳು ಬಯಾಪ್ಸಿಯ ಅಗತ್ಯವನ್ನು ನಿರ್ಧರಿಸಲು ನೆರವಾಗುತ್ತವೆ. ರೋಗವನ್ನು ಖಚಿತಪಡಿಸುವುದು ಬಯಾಪ್ಸಿಯೇ. ಅಪಾಯ ಕಡಿಮೆಯಿರುವ ಕ್ಯಾನ್ಸರ್ ಕಂಡುಬಂದರೆ, ತಕ್ಷಣ ಶಸ್ತ್ರಚಿಕಿತ್ಸೆಗೆ ಮುಂದಾಗದೆ ನಿಯತ ತಪಾಸಣೆಗಳಿಂದ ನಿಗಾ ಇಡುವ ಕ್ರಮವೂ ಇದೆ.

ಲಕ್ಷಣಗಳಿಲ್ಲದವರ ತಪಾಸಣೆ

ಅಮೆರಿಕದ ರೋಗನಿರೋಧಕ ಸೇವೆಗಳ ಕಾರ್ಯಪಡೆಯು 2012ರಲ್ಲಿ ಇಂತಹ ತಪಾಸಣೆ ಬೇಡವೆಂದಿತ್ತು. 2018ರಲ್ಲಿ ಈ ನಿಲುವನ್ನು ಪರಿಷ್ಕರಿಸಿ, 55ರಿಂದ 69 ವರ್ಷದವರು ಲಾಭ-ಹಾನಿಗಳನ್ನು ವೈದ್ಯರೊಡನೆ ಚರ್ಚಿಸಿ ತಾವೇ ನಿರ್ಧರಿಸಬೇಕೆಂದೂ, 70 ತುಂಬಿದವರಿಗೆ ಇದು ಬೇಡವೆಂದೂ ಶಿಫಾರಸು ಮಾಡಿತು. ಚಿಕಿತ್ಸೆ ಪಡೆದವರಲ್ಲಿ ರೋಗ ಮರುಕಳಿಸುವುದನ್ನು ಗುರುತಿಸುವಲ್ಲಿ ಪಿಎಸ್‌ಎ ಪರೀಕ್ಷೆಯ ಉಪಯುಕ್ತತೆ ಇಂದಿಗೂ ಉಳಿದಿದೆ.