ಒಂದೇ ಜಾಲ, ಎಲ್ಲರ ದನಿ
2007ರ ಆಗಸ್ಟ್ 1ರ ಸಂಜೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪ್ಪಿ ನದಿಯ ಮೇಲಿನ ಹೆದ್ದಾರಿ ಸೇತುವೆ ವಾಹನಗಳ ಸಮೇತ ಕುಸಿಯಿತು. 13 ಜನ ಸತ್ತರು. ಧಾವಿಸಿದ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ತಂಡಗಳು ಪರಸ್ಪರ ಮಾತಾಡಲು ನೆರವಾದದ್ದು 'ಆರ್ಮರ್' ಎಂಬ ಹಂಚಿಕೆಯ ರೇಡಿಯೊ ಜಾಲ.

ಈ ಜಾಲದಲ್ಲಿ ಇಲಾಖೆಗೊಂದು ಚಾನೆಲ್ ಇಲ್ಲ. ಬಟನ್ ಒತ್ತಿದೊಡನೆ ಖಾಲಿ ಇರುವ ಚಾನೆಲನ್ನು ಕಂಪ್ಯೂಟರೇ ಕೊಡುತ್ತದೆ, ಬ್ಯಾಂಕಿನಲ್ಲಿ ಟೋಕನ್ ಹಿಡಿದವರನ್ನು ಖಾಲಿಯಾದ ಕೌಂಟರಿಗೆ ಕರೆದಂತೆ. ರೇಡಿಯೊಗಳನ್ನು ಗುಂಪುಗಳಾಗಿ ವಿಂಗಡಿಸಿರುತ್ತಾರೆ; ಮಾತು ಕೇಳುವುದು ಮಾತಾಡಿದವರ ಗುಂಪಿಗಷ್ಟೇ.

ಟವರ್ ನಿಲ್ಲಿಸುವುದಕ್ಕಿಂತ ಕಷ್ಟದ್ದು ನಿರ್ವಹಣೆ. ಯಾರು ಯಾವ ಗುಂಪಿನಲ್ಲಿರಬೇಕು? ಜಾಲ ತುಂಬಿಹೋದಾಗ ಯಾರ ಕರೆ ಮೊದಲು? ನಗರ, ಕೌಂಟಿ, ರಾಜ್ಯದವರು ಕೂತು ಇದನ್ನು ಮೊದಲೇ ತೀರ್ಮಾನಿಸಬೇಕು. ಮಿನಿಯಾಪೊಲಿಸ್ ಇರುವ ಮಿನ್ನೆಸೋಟಾ ರಾಜ್ಯದಲ್ಲಿ ಅದಕ್ಕೆಂದೇ ಮಂಡಳಿ ಇದೆ. ತೀರ್ಮಾನಿಸಿದ್ದನ್ನು ಸಿಬ್ಬಂದಿಗೆ ಕಲಿಸಲೂ ಬೇಕು; ರೇಡಿಯೊಗೆ ದುಡ್ಡು ಸುರಿದು, ಆ ತರಬೇತಿಗೆ ಕೈ ಬಿಗಿಹಿಡಿಯುವುದು ನನ್ನ ಪ್ರಕಾರ ದೊಡ್ಡ ತಪ್ಪು.