ಪುರುಷರ ಶ್ರೋಣಿತಳ: ಬಿಗಿಯೋ, ಸಡಿಲವೋ ಮೊದಲು ತಿಳಿಯಬೇಕು

ಕೆಮ್ಮಿದಾಗ, ಸೀನಿದಾಗ ಅಥವಾ ನೀರಿನ ಕ್ಯಾನ್ ಎತ್ತಿದಾಗ ನಾಲ್ಕು ಹನಿ ಮೂತ್ರ ಜಾರುವುದು ಹೆರಿಗೆಯಾದ ಹೆಂಗಸರ ತೊಂದರೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪ್ರಾಸ್ಟೇಟ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡ ಗಂಡಸರೂ ಇದೇ ತೊಂದರೆಯನ್ನು ಅನುಭವಿಸುತ್ತಾರೆ. ಇನ್ನೊಂದೆಡೆ, ಮೂವತ್ತು-ನಲವತ್ತರ ಹರೆಯದ ಅನೇಕರು ಕಿಬ್ಬೊಟ್ಟೆಯಲ್ಲಿ, ವೃಷಣಗಳ ಹಿಂಭಾಗದಲ್ಲಿ ಕಾರಣ ತಿಳಿಯದ ನೋವಿನಿಂದ ಬಳಲುತ್ತ, ಒಂದಾದ ಮೇಲೊಂದರಂತೆ ಆಂಟಿಬಯಾಟಿಕ್ ಮಾತ್ರೆ ನುಂಗುತ್ತಿರುತ್ತಾರೆ. ಮೇಲ್ನೋಟಕ್ಕೆ ಸಂಬಂಧವೇ ಇಲ್ಲದ ಈ ಎರಡೂ ತೊಂದರೆಗಳಲ್ಲಿ ಒಂದೇ ಸ್ನಾಯುಸಮೂಹದ ಪಾತ್ರವಿದೆ. ಮೊದಲನೆಯದರಲ್ಲಿ ಅದಕ್ಕೆ ಬಲ ಸಾಲದು. ಎರಡನೆಯದರಲ್ಲಿ ಅದು ಹಲವು ಬಾರಿ ಬಿಗಿದುಕೊಂಡು ಸಡಿಲವಾಗದೆ ಉಳಿದಿರುತ್ತದೆ. ಒಂದಕ್ಕೆ ಮದ್ದಾಗುವ ವ್ಯಾಯಾಮ ಇನ್ನೊಂದನ್ನು ಉಲ್ಬಣಗೊಳಿಸಬಲ್ಲದು ಎಂಬುದೇ ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿ.

ಸೊಂಟದ ಎಲುಬುಗೂಡಿನ ತಳದಲ್ಲಿ, ಮುಂಭಾಗದ ಮೂಳೆಯಿಂದ ಹಿಂಭಾಗದ ಬಾಲಮೂಳೆಯವರೆಗೆ ಜೋಲಿಯಂತೆ ಹರಡಿರುವ ಸ್ನಾಯುಗಳ ಪದರವನ್ನು ವೈದ್ಯರು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಕನ್ನಡದಲ್ಲಿ ಶ್ರೋಣಿತಳ ಎನ್ನಬಹುದು. ಮೂತ್ರಕೋಶ, ಗುದನಾಳಗಳನ್ನು ಕೆಳಗಿನಿಂದ ಆಧರಿಸಿ ಹಿಡಿಯುವುದು, ಮಲಮೂತ್ರಗಳನ್ನು ಬೇಕೆಂದಾಗ ತಡೆಯುವುದು ಮತ್ತು ಬೇಕೆಂದಾಗ ಬಿಡುವುದು ಇದರ ಕೆಲಸ. ಇದಕ್ಕೆ ಹೊಂದಿಕೊಂಡು ಶಿಶ್ನದ ಬುಡದಲ್ಲಿರುವ ಸಣ್ಣ ಸ್ನಾಯುಗಳು ನಿಮಿರುವಿಕೆಯನ್ನು ಗಟ್ಟಿಗೊಳಿಸುತ್ತವೆ. ವೀರ್ಯವನ್ನೂ ಮೂತ್ರದ ಕೊನೆಯ ಹನಿಗಳನ್ನೂ ಹೊರದೂಡುತ್ತವೆ. ಉಸಿರಾಟಕ್ಕೂ ಇದಕ್ಕೂ ನಂಟಿದೆ. ಉಸಿರು ಒಳಗೆಳೆದುಕೊಂಡಾಗ ವಪೆ ಕೆಳಗಿಳಿಯುವಂತೆ ಶ್ರೋಣಿತಳವೂ ತುಸು ಇಳಿಯುತ್ತದೆ, ಉಸಿರು ಬಿಟ್ಟಾಗ ಮೇಲೇರುತ್ತದೆ. ಕೈಯ ಸ್ನಾಯುವಿನಂತೆ ಇದೂ ಇಚ್ಛೆಗೆ ಒಳಪಟ್ಟದ್ದೇ. ಆದರೆ ಕಣ್ಣಿಗೆ ಕಾಣದ ಕಾರಣ ಅದು ಇದೆಯೆಂಬುದೇ ನಮ್ಮ ಗಮನಕ್ಕೆ ಬರುವುದಿಲ್ಲ.

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ಸ್ನಾಯುಗಳಿಗೆ ವ್ಯಾಯಾಮವನ್ನು ಸೂಚಿಸಿದ್ದು ಹೆರಿಗೆಯ ನಂತರದ ಮಹಿಳೆಯರಿಗಾಗಿ. ಇಂದಿಗೂ ಅದು ಕೆಗೆಲ್ ವ್ಯಾಯಾಮವೆಂದೇ ಪ್ರಸಿದ್ಧ. ನಮ್ಮ ಹಠಯೋಗದ ಮೂಲಬಂಧವೂ ಇದೇ ಭಾಗವನ್ನು ಸಂಕೋಚಿಸುವ ಕ್ರಿಯೆಯೇ. ಯೋಗಶಾಲೆಯಲ್ಲಿ ಸಂಕೋಚವಿಲ್ಲದೆ ಮೂಲಬಂಧ ಕಲಿಯುವ ಗಂಡಸರು ವೈದ್ಯರ ಮುಂದೆ ಅದೇ ಅಂಗದ ತೊಂದರೆ ಹೇಳಲು ಹಿಂಜರಿಯುವುದು ವಿಚಿತ್ರವೇ ಸರಿ.

ಶಸ್ತ್ರಚಿಕಿತ್ಸೆಯ ನಂತರ

ಬೆಂಗಳೂರಿನ ಪುರುಷರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್‌ಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಒಂದು. ರೋಗ ಗ್ರಂಥಿಯೊಳಗೇ ಇದ್ದಲ್ಲಿ ಇಡೀ ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆ ಒಂದು ಮಾರ್ಗ. ಮೂತ್ರಕೋಶದ ಕೊರಳಿನಲ್ಲಿ ತಾನಾಗಿಯೇ ಮೂತ್ರವನ್ನು ತಡೆದು ಹಿಡಿಯುವ ವ್ಯವಸ್ಥೆ ಆಗ ಬಹುಮಟ್ಟಿಗೆ ನಷ್ಟವಾಗುತ್ತದೆ. ಉಳಿಯುವುದು ಕೆಳಗಿನ ಕವಾಟ ಮತ್ತು ಅದಕ್ಕೆ ನೆರವಾಗುವ ಶ್ರೋಣಿತಳ. ಕ್ಯಾತಿಟರ್ ತೆಗೆದ ದಿನದಿಂದ ಅವೇ ಎಲ್ಲ ಭಾರವನ್ನೂ ಹೊರಬೇಕು. ಮೊದಲ ಕೆಲವು ವಾರ ಪ್ಯಾಡ್ ಧರಿಸಬೇಕಾಗಿ ಬರುವುದು ಇದರಿಂದಲೇ. ಆಪರೇಷನ್ ಕೆಟ್ಟಿತೆಂದು ಹಲವರು ಆಗ ಗಾಬರಿಯಾಗುತ್ತಾರೆ. ಹೆಚ್ಚಿನವರಲ್ಲಿ ಆರು ತಿಂಗಳಿನಿಂದ ಒಂದು ವರ್ಷದೊಳಗೆ ಸಾಕಷ್ಟು ಸುಧಾರಣೆ ಕಂಡುಬರುತ್ತದೆ.

ವ್ಯಾಯಾಮದಿಂದ ಈ ಸುಧಾರಣೆ ಬೇಗ ಬರುತ್ತದೆಯೇ? ಬೆಲ್ಜಿಯಂನಲ್ಲಿ 102 ರೋಗಿಗಳ ಮೇಲೆ ನಡೆದು 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದವರ ಪೈಕಿ ಶೇ 88ರಷ್ಟು ಮಂದಿ ಮೂರು ತಿಂಗಳಲ್ಲಿ ಮೂತ್ರದ ಮೇಲೆ ಹಿಡಿತ ಸಾಧಿಸಿದ್ದರು. ಪಡೆಯದವರಲ್ಲಿ ಈ ಪ್ರಮಾಣ ಶೇ 56. ಆದರೆ 2011ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನವು ಬೇರೆಯದೇ ಚಿತ್ರವನ್ನು ನೀಡಿತು. ಒಂದು ವರ್ಷದ ನಂತರ, ಪ್ರತ್ಯೇಕ ತರಬೇತಿ ಪಡೆದವರಲ್ಲೂ ಪಡೆಯದವರಲ್ಲೂ ಸುಮಾರು ಮುಕ್ಕಾಲು ಪಾಲು ಜನರಿಗೆ ಅಷ್ಟಿಷ್ಟು ಸೋರಿಕೆ ಉಳಿದೇ ಇತ್ತು. ಹೀಗಾಗಿ ವ್ಯಾಯಾಮವೊಂದೇ ಎಲ್ಲವನ್ನೂ ಸರಿಪಡಿಸುತ್ತದೆ ಎಂದು ಹೇಳುವವರನ್ನು ನಂಬಬೇಕಿಲ್ಲ. ಆದರೂ ಚೇತರಿಕೆಯನ್ನು ಚುರುಕುಗೊಳಿಸಬಹುದು, ಅಪಾಯವೂ ಕಡಿಮೆ ಎಂಬ ಕಾರಣಕ್ಕೆ ಆಪರೇಷನ್ ಆದ ಕೂಡಲೇ ಈ ತರಬೇತಿಯನ್ನು ಒದಗಿಸಬೇಕೆಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘದ 2019ರ ಮಾರ್ಗಸೂಚಿ ಹೇಳುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಕಲಿತಿಟ್ಟುಕೊಂಡರೆ, ನೋವಿನ ನಡುವೆ ಹೊಸದಾಗಿ ಸ್ನಾಯುವನ್ನು ಹುಡುಕುವ ಕಷ್ಟವಾದರೂ ತಪ್ಪುತ್ತದೆ. ವರ್ಷ ಕಳೆದರೂ ಸೋರಿಕೆ ನಿಲ್ಲದಿದ್ದಲ್ಲಿ ಸ್ಲಿಂಗ್ ಅಳವಡಿಕೆ, ಕೃತಕ ಕವಾಟದಂತಹ ಶಸ್ತ್ರಚಿಕಿತ್ಸೆಗಳಿವೆ.

ನಿಮಿರುವಿಕೆಯ ತೊಂದರೆಗೂ ಇದು ಕೆಲವರಿಗೆ ನೆರವಾದ ನಿದರ್ಶನವಿದೆ. ಇಂಗ್ಲೆಂಡಿನ ಫಿಸಿಯೋಥೆರಪಿಸ್ಟ್ ಗ್ರೇಸ್ ಡೋರಿ ಅವರು 55 ಪುರುಷರ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 40ರಷ್ಟು ಮಂದಿ ಸಹಜ ಸ್ಥಿತಿಗೆ ಮರಳಿದ್ದರು. ನಾಲ್ವರಲ್ಲಿ ಒಬ್ಬರಿಗೆ ಯಾವ ಪ್ರಯೋಜನವೂ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಬಸ್ ನಿಲ್ದಾಣದ ಗೋಡೆಗಳ ಮೇಲಿನ ‘ಗುಪ್ತರೋಗ’ ಜಾಹೀರಾತುಗಳು ಹೇಳದಿರುವ ಮಾತು ಇದೇ.

ಸೋಂಕಿಲ್ಲದ ‘ಸೋಂಕು’

ಹೆಚ್ಚು ತಪ್ಪು ನಡೆಯುವುದು ಬಿಗಿತದ ವಿಷಯದಲ್ಲಿ. ಕುಳಿತರೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಹೋದರೆ ಧಾರೆ ತಡವಾಗಿ ಬರುವುದು, ಸ್ಖಲನದ ನಂತರ ಉರಿ, ಮಲಬದ್ಧತೆ. ಈ ಲಕ್ಷಣಗಳೊಂದಿಗೆ ಬಂದವರಿಗೆ ಸಾಮಾನ್ಯವಾಗಿ ಪ್ರಾಸ್ಟಟೈಟಿಸ್, ಅಂದರೆ ಪ್ರಾಸ್ಟೇಟ್ ಉರಿಯೂತ, ಎಂಬ ಹೆಸರು ಅಂಟುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಇದನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದೆ. ಮೊದಲ ಎರಡರಲ್ಲಿ ಮಾತ್ರ ಬ್ಯಾಕ್ಟೀರಿಯಾ ಸೋಂಕು ಇರುತ್ತದೆ. ಮೂರನೆಯದು ದೀರ್ಘಕಾಲದ ಶ್ರೋಣಿ ನೋವು. ಲಕ್ಷಣಗಳಿರುವ ರೋಗಿಗಳಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಈ ಮೂರನೆಯ ವರ್ಗಕ್ಕೇ ಸೇರುತ್ತಾರೆ. ಅವರ ಮೂತ್ರ ಪರೀಕ್ಷೆಯಲ್ಲಿ ಸೋಂಕು ಸಿಗುವುದಿಲ್ಲ, ಸ್ಕ್ಯಾನಿಂಗ್‌ನಲ್ಲಿ ನೋವಿಗೆ ಕಾರಣವೂ ಕಾಣುವುದಿಲ್ಲ. ಆದರೂ ಮಾತ್ರೆ ಮುಂದುವರಿಯುತ್ತದೆ, ಡಾಕ್ಟರು ಬದಲಾಗುತ್ತಾರೆ, ಕೊನೆಗೆ ‘ಎಲ್ಲ ನಿಮ್ಮ ಮನಸ್ಸಿನ ಭ್ರಮೆ’ ಎಂಬ ಮಾತನ್ನೂ ಕೇಳಬೇಕಾಗುತ್ತದೆ.

ಇವರಲ್ಲಿ ಅನೇಕರ ಶ್ರೋಣಿತಳವನ್ನು ಮುಟ್ಟಿ ಪರೀಕ್ಷಿಸಿದರೆ ಸ್ನಾಯು ಗಂಟುಕಟ್ಟಿದಂತಿದ್ದು, ಅದುಮಿದಾಗ ರೋಗಿಗೆ ಪರಿಚಿತವಾದ ಅದೇ ನೋವು ಮರುಕಳಿಸುತ್ತದೆ. ದೀರ್ಘಕಾಲದ ಮಾನಸಿಕ ಒತ್ತಡ, ಮೂತ್ರವನ್ನು ಗಂಟೆಗಟ್ಟಲೆ ತಡೆಯುವ ಅಭ್ಯಾಸ, ತಿಣುಕಿ ಮಲವಿಸರ್ಜಿಸುವುದು, ಎಂದೋ ಆಗಿ ಹೋದ ಸೋಂಕು, ಹೀಗೆ ಕಾರಣಗಳು ಹಲವು. ಸಿಟ್ಟು ಬಂದಾಗ ಹಲ್ಲು ಕಚ್ಚುವಂತೆ ಕೆಲವರು ಅರಿವಿಲ್ಲದೆ ಈ ಸ್ನಾಯುವನ್ನು ಬಿಗಿಹಿಡಿದಿರುತ್ತಾರೆ. ಅಂಥವರು ಮೊಬೈಲ್‌ನಲ್ಲಿ ವಿಡಿಯೋ ನೋಡಿ ದಿನಕ್ಕೆ ನೂರು ಕೆಗೆಲ್ ಮಾಡತೊಡಗಿದರೆ ಏನಾದೀತು? ಮುಷ್ಟಿ ಬಿಗಿದು ಕೈ ಸೋತವನಿಗೆ ಇನ್ನಷ್ಟು ಬಿಗಿ ಎಂದಂತೆ.

ಇವರಿಗೆ ಬೇಕಾದದ್ದು ಸಡಿಲಿಸುವ ಚಿಕಿತ್ಸೆ. ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು, ಶ್ರೋಣಿತಳ ಕೆಳಗಿಳಿಯುವುದನ್ನು ಗಮನಿಸುವುದು ಮೊದಲ ಪಾಠ. ಬಾಲಾಸನದಂತಹ ಭಂಗಿಗಳು, ಒಳತೊಡೆ ಮತ್ತು ಪೃಷ್ಠದ ಸ್ನಾಯುಗಳನ್ನು ಹಿಗ್ಗಿಸುವುದು, ನೋವಿನ ಗಂಟುಗಳನ್ನು ಚಿಕಿತ್ಸಕರು ಬೆರಳಿನಿಂದ ಅದುಮಿ ಬಿಡಿಸುವುದು ಮುಂದಿನವು. ಅಮೆರಿಕದಲ್ಲಿ 23 ಪುರುಷರು ಹಾಗೂ 24 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಾಯೋಗಿಕ ಅಧ್ಯಯನದಲ್ಲಿ ಇಂತಹ ಚಿಕಿತ್ಸೆಗೆ ಶೇ 57ರಷ್ಟು ಮಂದಿ ಸ್ಪಂದಿಸಿದ್ದರು. ಸಾಮಾನ್ಯ ಮಸಾಜ್ ಪಡೆದವರಲ್ಲಿ ಶೇ 21 ಮಾತ್ರ. ಅಧ್ಯಯನ ಸಣ್ಣದಾದರೂ ಅಂತರ ಗಮನಾರ್ಹ.

ಪರೀಕ್ಷೆ ಹೇಗಿರುತ್ತದೆ ಎಂಬ ಅಳುಕಿನಿಂದಲೇ ಹಲವರು ಹಿಂದೆ ಸರಿಯುತ್ತಾರೆ. ಮೊದಲ ಭೇಟಿಯ ಬಹುಪಾಲು ಸಮಯ ಪ್ರಶ್ನೋತ್ತರದಲ್ಲೇ ಕಳೆಯುತ್ತದೆ. ಎಷ್ಟು ನೀರು ಕುಡಿಯುತ್ತೀರಿ, ರಾತ್ರಿ ಎಷ್ಟು ಸಲ ಏಳುತ್ತೀರಿ, ಎಷ್ಟು ಹೊತ್ತು ಕುಳಿತಿರುತ್ತೀರಿ ಇತ್ಯಾದಿ. ನಂತರ ಬೆನ್ನು, ಸೊಂಟ, ಉಸಿರಾಟದ ಪರಿಶೀಲನೆ. ಕೈಗವಸು ಧರಿಸಿ ಗುದದ್ವಾರದ ಮೂಲಕ ಬೆರಳಿನಿಂದ ಮಾಡುವ ಪರೀಕ್ಷೆ ರೋಗಿಯ ಒಪ್ಪಿಗೆ ಇದ್ದರೆ ಮಾತ್ರ. ಬೇಡವೆನ್ನುವ ಹಕ್ಕು ರೋಗಿಗಿದೆ. ಅಲ್ಟ್ರಾಸೌಂಡ್ ಮೂಲಕವೂ ಸ್ನಾಯುವಿನ ಚಲನೆಯನ್ನು ನೋಡಬಹುದು.

ದುರ್ಬಲತೆ ಖಚಿತವಾದವರಿಗೆ ಸಂಕೋಚನ ವ್ಯಾಯಾಮ. ಪೃಷ್ಠವನ್ನೋ ಹೊಟ್ಟೆಯನ್ನೋ ಬಿಗಿದು ಇದೇ ವ್ಯಾಯಾಮವೆಂದುಕೊಳ್ಳುವವರೇ ಹೆಚ್ಚು. ಶಿಶ್ನವನ್ನು ಒಳಕ್ಕೆ ಎಳೆದು ಗಿಡ್ಡವಾಗಿಸುವಂತೆ ಭಾವಿಸಿಕೊಳ್ಳಿ ಎಂಬ ಸೂಚನೆಯು ಮೂತ್ರನಾಳದ ಸುತ್ತಲಿನ ಸ್ನಾಯುವನ್ನು ಚೆನ್ನಾಗಿ ಎಚ್ಚರಿಸುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು ಅಲ್ಟ್ರಾಸೌಂಡ್ ನೆರವಿನಿಂದ ಕಂಡುಕೊಂಡಿದ್ದಾರೆ. ಉಸಿರು ಕಟ್ಟಬಾರದು. ಪ್ರತಿ ಸಂಕೋಚನದ ನಂತರ ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಮೂತ್ರದ ಧಾರೆಯನ್ನು ನಡುವೆ ತಡೆಯುವುದು ಸ್ನಾಯುವನ್ನು ಗುರುತಿಸಲು ಒಮ್ಮೆ ಸಾಕು. ಅದನ್ನೇ ನಿತ್ಯದ ಅಭ್ಯಾಸ ಮಾಡಿಕೊಳ್ಳಬಾರದು. ಫಲ ಕಾಣಲು ಸುಮಾರು ಮೂರು ತಿಂಗಳ ತಾಳ್ಮೆ ಬೇಕು.

ಫಿಸಿಯೋಥೆರಪಿ ಎಂದರೆ ಮಂಡಿ, ಬೆನ್ನು, ಪಾರ್ಶ್ವವಾಯು ಎಂಬುದೇ ನಮ್ಮಲ್ಲಿನ ಸಾಮಾನ್ಯ ತಿಳಿವಳಿಕೆ. ಈ ವಿಭಾಗದಲ್ಲಿ ಪರಿಣತರಾದವರಲ್ಲೂ ಮಹಿಳೆಯರನ್ನು ಮಾತ್ರ ನೋಡುವವರಿದ್ದಾರೆ. ಆದ್ದರಿಂದ ಹೋಗುವ ಮೊದಲು ಫೋನ್ ಮಾಡಿ, ಪುರುಷರ ಶ್ರೋಣಿತಳಕ್ಕೆ ಚಿಕಿತ್ಸೆ ನೀಡುತ್ತೀರಾ, ಅದಕ್ಕೆಂದೇ ತರಬೇತಿ ಪಡೆದಿದ್ದೀರಾ ಎಂದು ನೇರವಾಗಿ ಕೇಳುವುದು ಒಳ್ಳೆಯದು. ಅದಕ್ಕೂ ಮುನ್ನ ಮೂತ್ರರೋಗ ತಜ್ಞರನ್ನು ಕಂಡು ಸೋಂಕು, ಕಲ್ಲು, ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ತಜ್ಞರಿಗೆ ತೋರಿಸಬೇಕು. ಚಳಿಜ್ವರದೊಂದಿಗೆ ಉರಿಮೂತ್ರ, ಮೂತ್ರ ಪೂರ್ತಿ ಕಟ್ಟಿಕೊಳ್ಳುವುದು, ಗುದದ್ವಾರದ ಸುತ್ತ ಸ್ಪರ್ಶಜ್ಞಾನ ಇಲ್ಲವಾಗುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.